4×5 ಕ್ಯಾಮೆರಾಕ್ಕೆ ವೈಡ್ ಲೆನ್ಸ್: ಸೋಮನಾಥಪುರದ ಶಿಖರಕ್ಕೆ ಎಷ್ಟು ರೈಸ್ ಬೇಕು, ಎಷ್ಟು ಸಿಗುತ್ತದೆ?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ನಾನು ಮರದ 4×5 ಇಂಚಿನ ಫೀಲ್ಡ್ ಕ್ಯಾಮೆರಾ ಮತ್ತು 150 ಮಿ.ಮೀ. ಲೆನ್ಸ್ ಬಳಸಿ ಹೊಯ್ಸಳ ದೇವಾಲಯಗಳನ್ನು ಕಪ್ಪುಬಿಳುಪು ಶೀಟ್ ಫಿಲ್ಮಿನಲ್ಲಿ ತೆಗೆಯುತ್ತಿದ್ದೇನೆ. ಬಿಡಿ ಶಿಲ್ಪಗಳಿಗೂ ಹೊರಗೋಡೆಯ ಪಟ್ಟಿಕೆಗಳಿಗೂ ಈ ಲೆನ್ಸ್ ಸಾಕು. ಆದರೆ ಸೋಮನಾಥಪುರದ ಕೇಶವ ದೇವಾಲಯವನ್ನು ಇಡಿಯಾಗಿ ತೆಗೆಯಬೇಕೆಂದಾಗ ಸಾಲುವುದಿಲ್ಲ. ಅಂಗಳದ ಸುತ್ತಲೂ ಕೈಸಾಲೆ ಇರುವುದರಿಂದ ಹಿಂದಕ್ಕೆ ಸರಿಯಲು ಮಿತಿಯಿದೆ. ಹಿಂಬದಿಯ ಮೂಲೆಯಿಂದ ಮೂರೂ ಶಿಖರಗಳು ಒಟ್ಟಿಗೆ ಕಾಣುವ ನೋಟ ನನಗೆ ಬೇಕಾಗಿದೆ. ಸಂಜೆಯ ಬೆಳಕು ಬೀಳುವುದೂ ಆ ಕಡೆಗೇ. ಅದರ ಜೊತೆಗೆ, ಜಗತಿಯ (ದೇವಾಲಯ ನಿಂತಿರುವ ಎತ್ತರದ ಕಟ್ಟೆಯ) ಹತ್ತಿರ ನಿಂತು ಒಂದೇ ಶಿಖರವನ್ನು ಬುಡದಿಂದ ತುದಿಯವರೆಗೆ ನೆಟ್ಟಗೆ ತೋರಿಸುವ ಒಂದು ಉದ್ದುದ್ದ ಚಿತ್ರವೂ ಬೇಕು. ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯಿಂದ ಪಡೆಯಬೇಕಾದ ಅನುಮತಿಗೆ ಅರ್ಜಿ ಹಾಕಿದ್ದೇನೆ. ಅದು ಬರುವುದರೊಳಗೆ ಲೆನ್ಸಿನ ವಿಷಯವನ್ನು ತೀರ್ಮಾನಿಸಿಕೊಳ್ಳಬೇಕಾಗಿದೆ.

ಪರಿಚಿತರೊಬ್ಬರಿಂದ ತಂದ ಹಳೆಯ ಕಾಲದ ಚಿಕ್ಕ 90 ಮಿ.ಮೀ. ಎಫ್/6.8 ಲೆನ್ಸನ್ನು ಮನೆಯ ಎದುರಿನ ಕಟ್ಟಡದ ಮುಂದೆ ಹಾಕಿ ನೋಡಿದೆ. ಲೆನ್ಸ್ ಹೊತ್ತ ಮುಂದಿನ ಚೌಕಟ್ಟಿಗೆ ಸ್ವಲ್ಪವೇ ರೈಸ್ ಕೊಟ್ಟರೂ, ಅಂದರೆ ಅದನ್ನು ನೇರವಾಗಿ ಮೇಲಕ್ಕೆ ಸರಿಸಿದರೂ, ಬಿಂಬ ತಲೆಕೆಳಗಾಗಿ ಮೂಡುವ ಗ್ರೌಂಡ್ ಗ್ಲಾಸಿನ (ಹಿಂಬದಿಯ ಮಂಕು ಗಾಜಿನ) ಕೆಳಗಿನ ಮೂಲೆಗಳು, ಅಂದರೆ ಚಿತ್ರದಲ್ಲಿ ಮೇಲಿನ ಮೂಲೆಗಳು, ಕಪ್ಪಾಗುತ್ತವೆ. ಇನ್ನೂ ಮೇಲಕ್ಕೆತ್ತಿದರೆ ಬೆಲ್ಲೋಸಿನ (ಮುಂದಿನ ಹಿಂದಿನ ಚೌಕಟ್ಟುಗಳ ನಡುವಿನ ಕವಚದ) ಮಡಿಕೆಗಳು ಒಂದಕ್ಕೊಂದು ಒತ್ತಿಕೊಂಡು ಚೌಕಟ್ಟನ್ನೇ ಹಿಂದಕ್ಕೆ ತಳ್ಳುತ್ತವೆ. 150ರಲ್ಲಿ ರೂಢಿಯಾದ ಹಾಗೆ ಮುಂದಕ್ಕೆ ಟಿಲ್ಟ್ ಕೊಟ್ಟರೆ, ಅಂದರೆ ಲೆನ್ಸನ್ನು ಮುಂದಕ್ಕೆ ಬಾಗಿಸಿದರೆ, ನೆಲವೆಲ್ಲ ಸ್ಪಷ್ಟವಾಗುತ್ತದೆ, ಆದರೆ ಕಟ್ಟಡದ ಮೇಲ್ಭಾಗ ಮಸುಕಾಗುತ್ತದೆ.

ನನ್ನ ಪ್ರಶ್ನೆಗಳು ಇವು. ಇದು ಆ ಲೆನ್ಸಿನ ಮಿತಿಯೋ, 90 ಮಿ.ಮೀ. ಎಂಬ ಅಳತೆಯ ಮಿತಿಯೋ? ಶಿಖರದ ತುದಿ ಸಿಗಬೇಕಾದರೆ ನೇರವಾಗಿ 75ಕ್ಕೋ 65ಕ್ಕೋ ಹೋಗಬೇಕೆ? ವೈಡ್ ಲೆನ್ಸಿನಲ್ಲಿ ಟಿಲ್ಟ್ ಮತ್ತು ಸ್ವಿಂಗ್ (ಚೌಕಟ್ಟನ್ನು ಎಡಬಲಕ್ಕೆ ತಿರುಗಿಸುವುದು) ಬಳಸುವ ಕ್ರಮವೇ ಬೇರೆಯೇ? ಮೂಲೆಗಳ ಬೆಳಕು ಕುಗ್ಗುವುದಕ್ಕೆ ನಡುಭಾಗದ ಬೆಳಕನ್ನು ತಗ್ಗಿಸಿ ಸಮ ಮಾಡುವ ಸೆಂಟರ್ ಫಿಲ್ಟರ್ ಕೊಳ್ಳಲೇಬೇಕೆ?

ಕೋನಮಾಪಕ:

ಮೊದಲ ಪ್ರಶ್ನೆಗೆ ಉತ್ತರ: ಅದು ಆ ಲೆನ್ಸಿನ ಮಿತಿ, 90ರದಲ್ಲ. ಲಾರ್ಜ್ ಫಾರ್ಮ್ಯಾಟಿನಲ್ಲಿ ಫೋಕಲ್ ಲೆಂಗ್ತ್ (90, 150 ಎಂಬ ಮಿ.ಮೀ. ಅಳತೆ) ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ. ಉಳಿದರ್ಧ ಇರುವುದು ಬಿಂಬವೃತ್ತದಲ್ಲಿ. 4×5 ಹೋಲ್ಡರಿನಲ್ಲಿ ಫಿಲ್ಮಿನ ಮೇಲೆ ನಿಜವಾಗಿ ಬೆಳಕು ಬೀಳುವ ಜಾಗ ಸುಮಾರು 95×120 ಮಿ.ಮೀ., ಅದರ ಕರ್ಣ ಸುಮಾರು 153 ಮಿ.ಮೀ. ಲೆನ್ಸ್ ಫಿಲ್ಮಿನ ಕಡೆಗೆ ಚೆಲ್ಲುವ ಬೆಳಕಿನ ವೃತ್ತದ ವ್ಯಾಸ ಈ ಕರ್ಣಕ್ಕೆ ಸಮನಾಗಿದ್ದರೆ ನೇರವಾಗಿ ನಿಲ್ಲಿಸಿದಾಗ ಮೂಲೆಗಳು ತುಂಬುತ್ತವೆ, ಆದರೆ ಒಂದಿಷ್ಟು ಸರಿಸಲೂ ಅವಕಾಶವಿರುವುದಿಲ್ಲ. ಶ್ನೈಡರ್ ಕಂಪನಿಯ ಹಳೆಯ ಆಂಗ್ಯುಲಾನ್ 90 ಎಫ್/6.8 ಇಂಥದು, ಅದರ ವೃತ್ತ ಸುಮಾರು 154 ಮಿ.ಮೀ. ಚಿಕ್ಕದಾಗಿ, ಹಗುರವಾಗಿ, ಮಡಚಿದ ಕ್ಯಾಮೆರಾದೊಳಗೇ ಉಳಿಯುವಂತೆ ಮಾಡಿದ ಲೆನ್ಸ್ ಅದು. ಸೂಪರ್ ಆಂಗ್ಯುಲಾನ್ ಎನ್ನುವುದು ಪೂರ್ತಿ ಬೇರೆ ವಿನ್ಯಾಸ. ಅದರ 90 ಎಫ್/8ಕ್ಕೆ ಎಫ್/22ರಲ್ಲಿ (ಅಪರ್ಚರನ್ನು, ಅಂದರೆ ಬೆಳಕಿನ ರಂಧ್ರವನ್ನು, ಅಷ್ಟು ಕಿರಿದಾಗಿಸಿದಾಗ) 216 ಮಿ.ಮೀ. ವೃತ್ತವಿದೆ. ನಿಕಾನ್ ಕಂಪನಿಯ ನಿಕ್ಕೋರ್ ಎಸ್‌ಡಬ್ಲ್ಯೂ 90 ಎಫ್/8ಕ್ಕೆ 235. ನಿಮ್ಮ ಕೈಯಲ್ಲಿರುವ ಲೆನ್ಸಿನ ಹೆಸರನ್ನು ಒಮ್ಮೆ ಓದಿ ನೋಡಿ. ಹಳೆಯ ಚಿಕ್ಕ ಎಫ್/6.8 ಎಂದಾಗ ನನಗೆ ಮೊದಲು ನೆನಪಾಗುವುದು ಈ ಬಗೆಯೇ.

ವೃತ್ತ ಗೊತ್ತಾದರೆ ರೈಸ್ ಎಷ್ಟು ಸಿಗುತ್ತದೆಂದು ಪೈಥಾಗೊರಸನ ಪ್ರಮೇಯದಿಂದ ಲೆಕ್ಕ ಹಾಕಬಹುದು. ಫಿಲ್ಮನ್ನು ಉದ್ದುದ್ದ ಇಟ್ಟಾಗ ಅರ್ಧ ಅಗಲ 47.5 ಮಿ.ಮೀ. ವೃತ್ತದ ತ್ರಿಜ್ಯದ ವರ್ಗದಿಂದ 47.5ರ ವರ್ಗವನ್ನು ಕಳೆದು, ಉಳಿದದ್ದರ ವರ್ಗಮೂಲ ತೆಗೆದು, ಅದರಿಂದ ಅರ್ಧ ಎತ್ತರವಾದ 60 ಮಿ.ಮೀ. ಕಳೆಯಿರಿ. 235ರ ವೃತ್ತಕ್ಕೆ ಸುಮಾರು 47 ಮಿ.ಮೀ. ರೈಸ್ ಬರುತ್ತದೆ, 216ಕ್ಕೆ 37. ನಿಕ್ಕೋರ್ ಎಸ್‌ಡಬ್ಲ್ಯೂ 75ರ ವೃತ್ತ 200 ಮಿ.ಮೀ., ಅದಕ್ಕೆ 28. ಅದೇ ಸಾಲಿನ 65ರ ವೃತ್ತ 170 ಮಿ.ಮೀ., ಅದಕ್ಕೆ ಹತ್ತೇ ಮಿ.ಮೀ.

ಇನ್ನು ನಿಮಗೆ ಬೇಕಾಗಿರುವುದು ರೈಸ್ ಅಲ್ಲ, ಶಿಖರದ ತುದಿ. ಆದ್ದರಿಂದ ಈ ಮಿಲಿಮೀಟರುಗಳನ್ನು ಕೋನಕ್ಕೆ ತಿರುಗಿಸಿ ನೋಡಬೇಕು. ಕ್ಯಾಮೆರಾದ ಹಿಂಭಾಗ ಲಂಬವಾಗಿದ್ದಾಗ, ಅರ್ಧ ಎತ್ತರ 60ಕ್ಕೆ ರೈಸನ್ನು ಕೂಡಿಸಿ ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ, ಚಿತ್ರದ ಮೇಲಂಚಿಗೆ ಬರುವ ವಸ್ತು ದೂರದ ಎಷ್ಟು ಪಾಲು ಎತ್ತರದಲ್ಲಿದೆ ಎಂಬುದು ಸಿಗುತ್ತದೆ. 90ಕ್ಕೆ 47 ಮಿ.ಮೀ. ರೈಸ್ ಕೊಟ್ಟರೆ ಬರುವುದು 1.19, ಅಂದರೆ ಸುಮಾರು 50 ಡಿಗ್ರಿ. 75ಕ್ಕೆ ಅದರ ಪೂರ್ತಿ 28 ಕೊಟ್ಟರೆ 1.17, ಹೆಚ್ಚುಕಡಿಮೆ ಅಷ್ಟೇ. 65ಕ್ಕೆ ಅದರ ಪೂರ್ತಿ ರೈಸ್ ಕೊಟ್ಟರೆ 1.08, ಅಂದರೆ 47 ಡಿಗ್ರಿ. 216ರ ವೃತ್ತದ 90ಕ್ಕೂ ಅದೇ ಅಂಕಿ ಬರುತ್ತದೆ. ಲೆನ್ಸ್ ಹೆಚ್ಚು ವೈಡ್ ಆದಷ್ಟೂ ಎತ್ತರದ ತುದಿ ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ, ಆದರೆ ಈ ಅಂಕಿಗಳು ಅದನ್ನು ಸಮರ್ಥಿಸುವುದಿಲ್ಲ. ಮೇಲಕ್ಕೆ ಎಷ್ಟು ಎಟುಕುತ್ತದೆ ಎನ್ನುವುದನ್ನು ನಿರ್ಧರಿಸುವುದು ಲೆನ್ಸ್ ಚೆಲ್ಲುವ ಬೆಳಕಿನ ಒಟ್ಟು ಕೋನ. ಚಿಕ್ಕ ಫೋಕಲ್ ಲೆಂಗ್ತ್ ನಿಮಗೆ ಕೊಡುವುದು ಅಕ್ಕಪಕ್ಕದ ಅಗಲ ಮತ್ತು ಕೆಳಗಿನ ನೆಲ.

ಹಾಗಾಗಿ ಸ್ಥಳಕ್ಕೆ ಹೋದಾಗ ಮೊದಲು ಮೊಬೈಲಿನ ಕೋನ ಅಳೆಯುವ ಆ್ಯಪ್ ಹಿಡಿದು, ನೀವು ನಿಲ್ಲಬೇಕೆಂದಿರುವ ಜಾಗದಿಂದ ಶಿಖರದ ತುದಿ ಕಣ್ಣಿನ ಮಟ್ಟಕ್ಕಿಂತ ಎಷ್ಟು ಡಿಗ್ರಿ ಮೇಲಿದೆ ಎಂದು ಅಳೆದುಕೊಳ್ಳಿ. 33 ಡಿಗ್ರಿಯೊಳಗಿದ್ದರೆ 90ರಲ್ಲಿ ಉದ್ದುದ್ದ ಚೌಕಟ್ಟಿಗೆ ರೈಸ್ ಇಲ್ಲದೆಯೂ ತುದಿ ಒಳಗೆ ಬರುತ್ತದೆ. ರೈಸ್ ಬೇಕಾಗುವುದು ಬುಡದಲ್ಲಿ ವ್ಯರ್ಥವಾಗುವ ನೆಲವನ್ನು ಹೊರಗಿಡಲು. 45 ಡಿಗ್ರಿಯಾದರೆ ಕರಾರುವಾಕ್ಕಾಗಿ 30 ಮಿ.ಮೀ. ರೈಸ್ ಬೇಕು. ನನ್ನ ಸಲಹೆ, ದೊಡ್ಡ ವೃತ್ತದ 90 ಎಫ್/8 ಕೊಳ್ಳಿ.

ಸಾಗುವಾನಿ:

ಕೋನಮಾಪಕ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದು ಲೆನ್ಸಿನ ಲೆಕ್ಕ. ಫೀಲ್ಡ್ ಕ್ಯಾಮೆರಾದಲ್ಲಿ ಬಹುಪಾಲು ಸಂದರ್ಭಗಳಲ್ಲಿ ವೃತ್ತ ಮುಗಿಯುವ ಮೊದಲೇ ಬೆಲ್ಲೋಸ್ ಮುಗಿಯುತ್ತದೆ. 90 ಮಿ.ಮೀ. ಲೆನ್ಸನ್ನು ದೂರಕ್ಕೆ ಫೋಕಸ್ ಮಾಡಿದಾಗ ಲೆನ್ಸ್ ಬೋರ್ಡಿಗೂ ಫಿಲ್ಮಿಗೂ ನಡುವೆ ಇರುವ ಅಂತರ ಸುಮಾರು ಹತ್ತು ಸೆಂಟಿಮೀಟರಿನ ಆಸುಪಾಸು. ಮೂವತ್ತು ಸೆಂಟಿಮೀಟರಿನವರೆಗೆ ಹಿಗ್ಗುವಂತೆ ಹೊಲಿದ ಬೆಲ್ಲೋಸನ್ನು ಅಷ್ಟು ಕಡಿಮೆ ಜಾಗದಲ್ಲಿ ಮಡಚಿದ ಮೇಲೆ, ಮುಂದಿನ ಚೌಕಟ್ಟನ್ನು ಮೇಲೆತ್ತಿದರೆ ಮಡಿಕೆಗಳಿಗೆ ಹೋಗಲು ಜಾಗವೆಲ್ಲಿದೆ? ನೀವು ಕಂಡ ಒತ್ತಡ ಅದೇ. ಅದರಿಂದ ಆಗುವ ನಿಜವಾದ ಹಾನಿ ಕಣ್ಣಿಗೆ ಬೀಳುವುದಿಲ್ಲ: ಮಡಿಕೆಗಳು ಒತ್ತುತ್ತಿರುವಾಗ ಮುಂದಿನ ಚೌಕಟ್ಟು ಒಂದು ಡಿಗ್ರಿಯಷ್ಟು ಓರೆಯಾದರೂ ಫಿಲ್ಮಿನ ಉದ್ದಕ್ಕೆ ಫೋಕಸಿನಲ್ಲಿ ಎರಡು ಮಿ.ಮೀ. ವ್ಯತ್ಯಾಸ ಬರುತ್ತದೆ. 4×5ಕ್ಕೆ ಸಾಮಾನ್ಯವಾಗಿ ಒಪ್ಪುವ 0.1 ಮಿ.ಮೀ. ಮಸುಕಿನ ಲೆಕ್ಕದಲ್ಲಿ, ಎಫ್/22ರಲ್ಲಿ ಫಿಲ್ಮಿನ ಕಡೆ ನಿಮಗಿರುವ ಒಟ್ಟು ಸಡಿಲ ಸುಮಾರು 4.4 ಮಿ.ಮೀ. ಅದರ ಅರ್ಧವನ್ನು ಗೊತ್ತಾಗದಂತೆ ಕಳೆದುಕೊಂಡ ಹಾಗಾಯಿತು.

ಇದಕ್ಕೆ ಸರಿಯಾದ ಪರಿಹಾರ ಬ್ಯಾಗ್ ಬೆಲ್ಲೋಸ್, ಅಂದರೆ ಮಡಿಕೆಯಿಲ್ಲದ, ಮೆತ್ತನೆಯ ಚರ್ಮದ ಅಥವಾ ಬಟ್ಟೆಯ ಚೀಲ. ನಿಮ್ಮ ಕ್ಯಾಮೆರಾದಲ್ಲಿ ಬೆಲ್ಲೋಸ್ ಬಿಚ್ಚಿ ಬದಲಿಸಲು ಬರುತ್ತದೆಯೇ ಎಂಬುದನ್ನು ಲೆನ್ಸಿಗಿಂತ ಮೊದಲು ನೋಡಿಕೊಳ್ಳಿ. ಬರುವುದಾದರೆ 90ರ ವೃತ್ತ ಪೂರ್ತಿಯಾಗಿ ನಿಮ್ಮದಾಗುತ್ತದೆ. ಬರದಿದ್ದರೆ ಒಳಗುಳಿಯುವ ಲೆನ್ಸ್ ಬೋರ್ಡ್ ಒಂದು ದಾರಿ: ಲೆನ್ಸ್, ಬೋರ್ಡಿನ ಮಟ್ಟಕ್ಕಿಂತ ಹಿಂದೆ ಕೂರುವುದರಿಂದ ಬೆಲ್ಲೋಸಿಗೆ ಅಷ್ಟು ಜಾಗ ಹೆಚ್ಚು ಸಿಗುತ್ತದೆ. ಆದರೆ ಆ ಗುಳಿಯೊಳಗೆ ಅಪರ್ಚರಿನ ಕಡ್ಡಿ ಮತ್ತು ಕೇಬಲ್ ರಿಲೀಸ್ ಹಿಡಿಯುವುದು ಬಹಳ ಕಷ್ಟ, ಬಾಗಿದ ಸಣ್ಣ ಅಡಾಪ್ಟರ್ ಹಾಕಿಕೊಳ್ಳಬೇಕಾಗುತ್ತದೆ.

ಕ್ಯಾಮೆರಾವನ್ನೇ ಮೇಲ್ಮುಖವಾಗಿ ಎತ್ತಿ, ಆಮೇಲೆ ಮುಂದಿನ ಹಿಂದಿನ ಚೌಕಟ್ಟುಗಳೆರಡನ್ನೂ ಲಂಬಕ್ಕೆ ತಂದು ರೈಸ್ ಪಡೆಯುವ ಕ್ರಮವನ್ನು ಇಲ್ಲಿ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಅದು ಒಳ್ಳೆಯ ಕ್ರಮವೇ. 90ರಲ್ಲಿ ಹಲಗೆಯನ್ನು (ಚೌಕಟ್ಟುಗಳು ಕೂರುವ ತಳವನ್ನು) 15 ಡಿಗ್ರಿ ಎತ್ತಿದರೆ ಸುಮಾರು 25 ಮಿ.ಮೀ. ರೈಸಿಗೆ ಸಮನಾಗುತ್ತದೆ. ಆದರೆ ಅದು ದಾಟಿಸುವುದು ಚೌಕಟ್ಟಿನ ಗಾಡಿಯ (ಚೌಕಟ್ಟನ್ನು ಏರಿಳಿಸುವ ಭಾಗದ) ಮಿತಿಯನ್ನು ಮಾತ್ರ. ಎರಡು ಚೌಕಟ್ಟುಗಳು ಒಂದಕ್ಕೊಂದು ಎಷ್ಟು ಸರಿದಿವೆಯೋ ಬೆಲ್ಲೋಸ್ ಅಷ್ಟೇ ತಿರುಚಿಕೊಳ್ಳಬೇಕು, ರೈಸನ್ನು ಯಾವ ದಾರಿಯಿಂದ ತಂದರೂ ಅದಕ್ಕೆ ಒಂದೇ. ಕ್ಯಾಮೆರಾದ ಹಲಗೆ ಚಿತ್ರದೊಳಗೆ ಇಣುಕುವುದನ್ನೂ ಗಮನಿಸಿ. ಉದ್ದುದ್ದ ಚೌಕಟ್ಟಿನಲ್ಲಿ 75 ಮತ್ತು ಅದಕ್ಕಿಂತ ಚಿಕ್ಕ ಲೆನ್ಸಿಗೆ ಇದು ಸಾಮಾನ್ಯ; ಹಿಂದಿನ ಚೌಕಟ್ಟನ್ನು ಮುಂದಕ್ಕೆ ಸರಿಸಲು ಬರುವ ಕ್ಯಾಮೆರಾಗಳಲ್ಲಿ ಈ ತೊಂದರೆ ಕಡಿಮೆ.

ಬ್ಯಾಗ್ ಬೆಲ್ಲೋಸ್ ಸಿಗದ ಕ್ಯಾಮೆರಾಕ್ಕೆ ನಾನು 75ರ ಪರ. 25 ಮಿ.ಮೀ. ರೈಸಿಗೇ ಕ್ಯಾಮೆರಾ ನಿಂತುಬಿಡುತ್ತದೆ ಎಂದಿಟ್ಟುಕೊಳ್ಳಿ. ಕೋನಮಾಪಕ ಅವರ ಸೂತ್ರದ ಪ್ರಕಾರವೇ 90ರಲ್ಲಿ ಸುಮಾರು 43 ಡಿಗ್ರಿಯವರೆಗೆ ಕಾಣುತ್ತದೆ, 75ರಲ್ಲಿ 48ಕ್ಕೂ ಸ್ವಲ್ಪ ಮೇಲೆ. 75ಕ್ಕೆ ಬೆಲ್ಲೋಸ್ ಇನ್ನೂ ಬಿಗಿಯಾಗುತ್ತದೆ ಎಂಬುದು ನಿಜ, ಆದ್ದರಿಂದ ಈ ಮಾತು ಒಳಗುಳಿಯುವ ಬೋರ್ಡಿನ ಜೊತೆಗೆ ಮಾತ್ರ ಅನ್ವಯಿಸುತ್ತದೆ.

ಯಾವ ಲೆನ್ಸಾದರೂ ಚಿತ್ರ ತೆಗೆಯುವ ಮುನ್ನ ಒಂದು ಪರೀಕ್ಷೆ ಮಾಡಿ. ಅಪರ್ಚರನ್ನು ಎಫ್/22ಕ್ಕೆ ಇಳಿಸಿ, ಗ್ರೌಂಡ್ ಗ್ಲಾಸಿನ ಕತ್ತರಿಸಿದ ಮೂಲೆಗೆ ಕಣ್ಣಿಟ್ಟು ಲೆನ್ಸಿನ ಕಡೆ ನೋಡಿ. ಅಪರ್ಚರಿನ ರಂಧ್ರ ಪೂರ್ತಿಯಾಗಿ ಕಂಡರೆ ಆ ಮೂಲೆಗೆ ಬೆಳಕು ಬರುತ್ತಿದೆ. ಎರಡೂ ಕಡೆ ಚೂಪಾಗಿ ಕಂಡರೆ ಲೆನ್ಸಿನ ಕೊಳವೆಯೋ ಫಿಲ್ಟರಿನ ಅಂಚೋ ಕತ್ತರಿಸುತ್ತಿದೆ. ಒಂದು ಪಕ್ಕ ನೇರ ಗೆರೆಯಂತೆ ಕತ್ತರಿಸಿದ್ದರೆ ಬೆಲ್ಲೋಸ್ ಮಡಿಕೆ ಇಳಿಬಿದ್ದಿದೆ ಎಂದರ್ಥ. ಮಂಕಾದ ಗಾಜಿನ ಮೇಲೆ ಮೂಲೆಗಳ ಕತ್ತಲನ್ನು ನೋಡಿ ಊಹಿಸುವುದಕ್ಕಿಂತ ಇದು ಎಷ್ಟೋ ಖಚಿತ.

ಕಾವೇರಿತೀರ:

ಇಬ್ಬರಿಗೂ ಕೃತಜ್ಞತೆಗಳು. ಲೆನ್ಸಿನ ಹೆಸರು ಆಂಗ್ಯುಲಾನ್ ಎಂದೇ ಇದೆ, ‘ಸೂಪರ್’ ಇಲ್ಲ. ಬೆಲ್ಲೋಸ್ ನಾಲ್ಕು ಹಿಡಿಕೆಗಳಿಂದ ಬಿಚ್ಚಿಕೊಳ್ಳುತ್ತದೆ, ಬ್ಯಾಗ್ ಬೆಲ್ಲೋಸ್ ಸಿಗುತ್ತದೆ ಎಂದು ತಯಾರಕರ ಪಟ್ಟಿಯಲ್ಲಿ ನೋಡಿದೆ. ಚೌಕಟ್ಟಿನ ಗಾಡಿ ಸುಮಾರು 35 ಮಿ.ಮೀ. ಏರುತ್ತದೆ. ಆದ್ದರಿಂದ 90ರ ಕಡೆಗೆ ಮನಸ್ಸು ವಾಲಿದೆ.

ಟಿಲ್ಟಿನ ಪ್ರಶ್ನೆ ಉಳಿದಿದೆ. ಜಗತಿಯ ಅಂಚಿನ ಕಲ್ಲು ನನ್ನಿಂದ ಎರಡು ಮೀಟರ್ ದೂರದಲ್ಲಿ ಚಿತ್ರದ ಕೆಳಗಿರುತ್ತದೆ, ಶಿಖರ ಎಂಟರಿಂದ ಇಪ್ಪತ್ತು ಮೀಟರ್ ದೂರದಲ್ಲಿ. ಎರಡೂ ಸ್ಪಷ್ಟವಾಗಿರಬೇಕು. ಹಾಗೆಯೇ ಹೊರಗೋಡೆಯ ಆನೆಗಳ ಸಾಲನ್ನು ಪಕ್ಕದಿಂದ, ದೂರಕ್ಕೆ ಓಡುವಂತೆ ತೆಗೆಯುವಾಗ ಸ್ವಿಂಗ್ ಎಷ್ಟು ಕೊಡಬೇಕು?

ಬೆಳ್ಳಿಲವಣ:

ಕಟ್ಟಡಗಳ ಚಿತ್ರ ತೆಗೆಯುವುದು ನನ್ನ ವೃತ್ತಿ. 4×5ರಲ್ಲಿ ನಾನು ಹೆಚ್ಚಾಗಿ ಬಳಸುವುದು 90ನ್ನೇ. ಟಿಲ್ಟಿನ ಬಗ್ಗೆ ನೇರವಾಗಿ ಹೇಳುತ್ತೇನೆ: ನೀವು ವಿವರಿಸಿದ ಮೊದಲ ಚಿತ್ರಕ್ಕೆ ಟಿಲ್ಟ್ ಬೇಡ.

ಕಾರಣ ಇದು. 150ರಲ್ಲಿ ಎರಡು ಮೀಟರ್ ದೂರದ ಕಲ್ಲಿಗೂ ಇಪ್ಪತ್ತು ಮೀಟರ್ ದೂರದ ಗೋಡೆಗೂ ಫೋಕಸ್ ಮಾಡಿದಾಗ ಚೌಕಟ್ಟು ಸುಮಾರು 11 ಮಿ.ಮೀ. ಚಲಿಸುತ್ತದೆ. ಸಾಗುವಾನಿ ಅವರು ಹೇಳಿದ ಸಡಿಲದ ಲೆಕ್ಕವನ್ನೇ ಹಿಡಿದರೆ ಅದನ್ನು ಅಪರ್ಚರ್ ಒಂದರಿಂದಲೇ ಮುಚ್ಚಲು ಎಫ್/64ರ ಹತ್ತಿರ ಹೋಗಬೇಕು. ಅಲ್ಲಿ ಡಿಫ್ರಾಕ್ಷನ್ನಿನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಆದ್ದರಿಂದ 150 ಇಟ್ಟುಕೊಂಡವರಿಗೆ ಟಿಲ್ಟ್ ಕೈಗೆ ಹತ್ತಿದ ಅಭ್ಯಾಸವಾಗುತ್ತದೆ. 90ರಲ್ಲಿ ಅದೇ ಎರಡು ದೂರಗಳ ನಡುವಿನ ಚಲನೆ 4 ಮಿ.ಮೀ.ಗೂ ಕಡಿಮೆ. ಹತ್ತಿರದ ಕಲ್ಲಿಗೆ ಫೋಕಸ್ ಮಾಡಿ ಹಳಿಯ ಮೇಲೆ ಗುರುತಿಡಿ, ದೂರದ್ದಕ್ಕೆ ಮಾಡಿ ಗುರುತಿಡಿ, ಎರಡರ ನಡುವೆ ಚೌಕಟ್ಟನ್ನು ನಿಲ್ಲಿಸಿ ಎಫ್/22 ಕೊಡಿ, ಕೆಲಸ ಮುಗಿಯಿತು. ಹತ್ತಿರದ ಕಲ್ಲು ಒಂದೂವರೆ ಮೀಟರಿಗೆ ಬಂದರೆ ಎಫ್/32 ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಅದೇ ಚಿತ್ರಕ್ಕೆ ಟಿಲ್ಟ್ ಕೊಟ್ಟರೆ ಏನಾಗುತ್ತದೆ ನೋಡಿ. ಲೆನ್ಸನ್ನು ಓರೆ ಮಾಡಿದಾಗ ಸ್ಪಷ್ಟತೆಯ ಸಮತಲ ಲೆನ್ಸಿನ ಕೆಳಗೆ ಒಂದು ನಿರ್ದಿಷ್ಟ ದೂರದಲ್ಲಿರುವ ಗೆರೆಯಿಂದ ಹೊರಡುತ್ತದೆ. ಆ ದೂರ ಫೋಕಲ್ ಲೆಂಗ್ತನ್ನು ಟಿಲ್ಟಿನ ಸೈನಿನಿಂದ ಭಾಗಿಸಿದಷ್ಟು. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದು ನೆಲವೆಲ್ಲ ಸ್ಪಷ್ಟವಾಗಬೇಕಾದರೆ 150ಕ್ಕೆ 5.7 ಡಿಗ್ರಿ ಬೇಕು, 90ಕ್ಕೆ 3.4 ಡಿಗ್ರಿ ಸಾಕು. ನಿಮ್ಮ ಕೈ 150ಕ್ಕೆ ಪಳಗಿರುವುದರಿಂದ 90ಕ್ಕೂ ಅಷ್ಟೇ ಕೊಡುವ ಸಾಧ್ಯತೆ ಹೆಚ್ಚು. ಸರಿಯಾಗಿ 3.4 ಡಿಗ್ರಿಯನ್ನೇ ಕೊಟ್ಟರೂ, ಅಪರ್ಚರ್ ಇಳಿಸಿದಾಗ ಸ್ಪಷ್ಟವಾಗುವ ಪ್ರದೇಶ ಆ ಗೆರೆಯಿಂದ ಬೆಣೆಯಂತೆ ತೆರೆದುಕೊಳ್ಳುತ್ತದೆ. ಎಫ್/22ರಲ್ಲಿ ಎಂಟು ಮೀಟರ್ ದೂರಕ್ಕೆ ಆ ಬೆಣೆ ಸ್ಪಷ್ಟತೆಯ ಸಮತಲದಿಂದ ಮೇಲಕ್ಕೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರವಿರುತ್ತದೆ. 45 ಡಿಗ್ರಿ ಮೇಲೆ ಕಾಣುವ ಶಿಖರದ ತುದಿ ಅದೇ ಎಂಟು ಮೀಟರ್ ದೂರದಲ್ಲಿ ಕ್ಯಾಮೆರಾದ ಮಟ್ಟದಿಂದಲೇ ಎಂಟು ಮೀಟರ್ ಮೇಲಿದೆ. ಎದುರಿನ ಕಟ್ಟಡದ ಮೇಲ್ಭಾಗ ಮಸುಕಾದದ್ದಕ್ಕೆ ಇದೇ ವಿವರಣೆ. ಟಿಲ್ಟ್ ನೆಲ, ಕೆರೆ, ಗದ್ದೆಯಂಥ ಮಲಗಿದ ವಿಷಯಗಳಿಗೆ. ಎದ್ದು ನಿಂತ ಗೋಪುರಕ್ಕೆ ಅದು ಎದುರಾಳಿ.

ಆನೆಗಳ ಸಾಲಿನ ಮಾತು ಬೇರೆ. ಅಲ್ಲಿ ಸ್ವಿಂಗ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಗೋಡೆಯ ಉದ್ದಕ್ಕೂ ನೋಡುವಂತೆ ನಿಂತು, ಲೆನ್ಸ್ ಗೋಡೆಯಿಂದ ಪಕ್ಕಕ್ಕೆ ಒಂದು ಮೀಟರ್ ದೂರದಲ್ಲಿದ್ದರೆ 90ಕ್ಕೆ ಸುಮಾರು 5 ಡಿಗ್ರಿ ಸ್ವಿಂಗ್ ಸಾಕು. ಆದರೆ ಸೋಮನಾಥಪುರದ ಗೋಡೆ ಸಪಾಟಲ್ಲ. ನಕ್ಷತ್ರಾಕಾರದ ತಳವಿನ್ಯಾಸದಿಂದಾಗಿ ಮೂಲೆ ಮೂಲೆಗೂ ಒಳಹೊರಗೆ ಹೋಗುತ್ತದೆ. ಸಮತಲವನ್ನು ಹೊರಚಾಚಿದ ಮೂಲೆಗಳ ಮೇಲಲ್ಲ, ಚಾಚಿಗೂ ತಗ್ಗಿಗೂ ನಡುವೆ ಓಡಿಸಿ, ಅಪರ್ಚರಿನಿಂದ ಎರಡನ್ನೂ ಒಳಗೆ ತನ್ನಿ. ಬೆಣೆ ಕ್ಯಾಮೆರಾದ ಹತ್ತಿರ ಬಹಳ ತೆಳ್ಳಗಿರುವುದರಿಂದ ತೀರ ಹತ್ತಿರದ ಆನೆಯನ್ನು ಲೂಪಿನಿಂದ (ಭೂತಗನ್ನಡಿಯಿಂದ) ಬೇರೆಯಾಗಿ ನೋಡಲೇಬೇಕು. ಸ್ವಿಂಗನ್ನು ಮುಂದಿನ ಚೌಕಟ್ಟಿಗೇ ಕೊಡಿ. ವೃತ್ತದ ನಡುಭಾಗ 8 ಮಿ.ಮೀ.ನಷ್ಟು ಪಕ್ಕಕ್ಕೆ ಸರಿಯುತ್ತದೆ, 235ರ ವೃತ್ತ ಅದನ್ನು ತಡೆದುಕೊಳ್ಳುತ್ತದೆ. ಹಿಂದಿನ ಚೌಕಟ್ಟಿಗೆ ಕೊಟ್ಟರೆ ವೃತ್ತ ಉಳಿಯುತ್ತದೆ, ಆದರೆ ಹತ್ತಿರದ ಆನೆ ಇನ್ನೂ ದೊಡ್ಡದಾಗಿ ಸಾಲಿನ ಓಟ ಉತ್ಪ್ರೇಕ್ಷೆಯಾಗುತ್ತದೆ. ವೈಡ್ ಲೆನ್ಸಿನಲ್ಲಿ ಆ ಉತ್ಪ್ರೇಕ್ಷೆ ಮೊದಲೇ ಸಾಕಷ್ಟಿರುತ್ತದೆ.

75ರ ಬಗ್ಗೆ ಸಾಗುವಾನಿ ಅವರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ, ಅದು ಬೆಲ್ಲೋಸಿಗೆ ಸಂಬಂಧಿಸಿದ್ದಲ್ಲ. ಹಿಂಭಾಗ ಲಂಬವಾಗಿದ್ದಾಗ ಗೆರೆಗಳು ನೆಟ್ಟಗಿರುತ್ತವೆ, ಆದರೆ ಅಕ್ಷದಿಂದ ದೂರವಿರುವ ದುಂಡಗಿನ ವಸ್ತುಗಳು ಹೊರಮುಖವಾಗಿ ಎಳೆದಂತೆ ಉದ್ದವಾಗುತ್ತವೆ. 45 ಡಿಗ್ರಿಯಲ್ಲಿ ಆ ಎಳೆತ 1.4 ಪಟ್ಟು. ಹೊಯ್ಸಳ ಶಿಖರದ ತುದಿಯಲ್ಲಿರುವುದು ಸಪಾಟು ಗೋಡೆಯಲ್ಲ, ಪದ್ಮದಂತೆ ಅರಳಿದ ದುಂಡು ಭಾಗ. ಶಿಲ್ಪಿ ಅದಕ್ಕೆ ಕೊಟ್ಟ ಪ್ರಮಾಣ ಫಿಲ್ಮಿನ ಮೇಲೆ ಉಳಿಯುವುದಿಲ್ಲ. ಲೆನ್ಸ್ ಸಮರ್ಥವಾಗಿದೆ ಎಂಬ ಒಂದೇ ಕಾರಣಕ್ಕೆ ಜಗತಿಗೆ ಅಂಟಿಕೊಂಡು ನಿಂತು 48 ಡಿಗ್ರಿಯ ಚಿತ್ರ ತೆಗೆಯುವುದು ಆ ಕಟ್ಟಡಕ್ಕೆ ನ್ಯಾಯವಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ. ಅಂಗಳದಲ್ಲಿ ಹಿಂದಕ್ಕೆ ಸರಿದು, ಸಾಧ್ಯವಾದರೆ ಕೈಸಾಲೆಯ ಕಟ್ಟೆಯ ಮೇಲೇ ಟ್ರೈಪಾಡ್ ಇಟ್ಟು ಕ್ಯಾಮೆರಾವನ್ನು ಎತ್ತರಿಸಿಕೊಳ್ಳಿ. ಲೆನ್ಸ್ ಮೇಲೆ ಹೋದಷ್ಟೂ ಕೋನ ಕಡಿಮೆಯಾಗುತ್ತದೆ, ರೈಸ್ ಕಡಿಮೆ ಸಾಕಾಗುತ್ತದೆ, ಎಳೆತವೂ ಕುಗ್ಗುತ್ತದೆ. 1854ರಲ್ಲಿ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ತೆಗೆದಾಗ ಇಷ್ಟು ಅಗಲ ಕೋನದ ಲೆನ್ಸುಗಳೇ ಇರಲಿಲ್ಲ. ಎಲ್ಲಿ ನಿಲ್ಲಬೇಕೆಂಬ ಆಯ್ಕೆಯೇ ಆಗ ಛಾಯಾಗ್ರಾಹಕನ ಮುಖ್ಯ ಸಾಧನವಾಗಿತ್ತು. ಆ ಶಿಸ್ತನ್ನು ವೈಡ್ ಲೆನ್ಸ್ ಇದ್ದಾಗಲೂ ಬಿಡಬಾರದು.

ಇನ್ನೊಂದು ಮಾತು. 40 ಡಿಗ್ರಿಗಿಂತ ಮೇಲೆ ಹೋದಾಗ ಗೆರೆಗಳು ಗಣಿತದ ಪ್ರಕಾರ ಪೂರ್ತಿ ಸಮಾಂತರವಾಗಿದ್ದರೆ ಶಿಖರ ಮೇಲೆ ಅಗಲವಾದಂತೆ, ನಮ್ಮ ಮೇಲೆ ಬಾಗಿದಂತೆ ಕಾಣುತ್ತದೆ. ಹಿಂದಿನ ಚೌಕಟ್ಟನ್ನು ಲಂಬದಿಂದ ಒಂದೆರಡು ಡಿಗ್ರಿ ಹಿಂದಕ್ಕೆ ಬಿಟ್ಟು ಗೆರೆಗಳು ತುಸುವೇ ಕೂಡುವಂತೆ ಮಾಡಿದರೆ ಕಣ್ಣು ಅದನ್ನು ನೆಟ್ಟಗೆ ಎಂದೇ ಒಪ್ಪುತ್ತದೆ. ಹಾಗೆ ಮಾಡುವಾಗ ಮುಂದಿನ ಚೌಕಟ್ಟನ್ನೂ ಅಷ್ಟೇ ಓರೆ ಮಾಡಿ, ಇಲ್ಲದಿದ್ದರೆ ಅರಿವಿಲ್ಲದೆ ಟಿಲ್ಟ್ ಕೊಟ್ಟಂತಾಗುತ್ತದೆ. ಉಳಿದ ಎಲ್ಲ ಚಿತ್ರಗಳಲ್ಲಿ ರಸಮಟ್ಟವನ್ನು ಹಿಂದಿನ ಚೌಕಟ್ಟಿಗೇ ಹಿಡಿದು ನೋಡಿ, ಟ್ರೈಪಾಡಿನ ತಲೆಗಲ್ಲ.

ಕೋನಮಾಪಕ:

ಸೆಂಟರ್ ಫಿಲ್ಟರಿನ ಪ್ರಶ್ನೆ ಉಳಿದುಹೋಗಿದೆ. ಅಕ್ಷದಿಂದ ದೂರ ಹೋದಂತೆ ಬೆಳಕು ಕುಗ್ಗುವುದು ಲೆನ್ಸಿನ ದೋಷವಲ್ಲ, ಜ್ಯಾಮಿತಿಯ ಫಲ. ಸರಳ ಲೆಕ್ಕದಲ್ಲಿ ಅದು ಕೋನದ ಕೊಸೈನಿನ ನಾಲ್ಕನೇ ಘಾತದಂತೆ ಇಳಿಯುತ್ತದೆ; 45 ಡಿಗ್ರಿಯಲ್ಲಿ ಕಾಲು ಭಾಗ, ಅಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು). ಸೂಪರ್ ಆಂಗ್ಯುಲಾನ್, ಗ್ರಾಂಡಗಾನ್, ನಿಕ್ಕೋರ್ ಎಸ್‌ಡಬ್ಲ್ಯೂಗಳಂಥ ವಿನ್ಯಾಸಗಳಲ್ಲಿ ಓರೆಯಾಗಿ ನೋಡಿದಾಗ ಅಪರ್ಚರಿನ ಬಿಂಬ ದೊಡ್ಡದಾಗಿ ಕಾಣುವಂತೆ ಮುಂದಿನ ಹಿಂದಿನ ಗಾಜುಗಳನ್ನು ಕಡೆದಿರುವುದರಿಂದ ಇಳಿತ ಮೂರನೇ ಘಾತದ ಹತ್ತಿರಕ್ಕೆ ಬರುತ್ತದೆ. ಅದೇ ಕೋನಕ್ಕೆ ಒಂದೂವರೆ ಸ್ಟಾಪ್. 90ನ್ನು ರೈಸ್ ಇಲ್ಲದೆ ಬಳಸಿದಾಗ ಮೂಲೆಗಳಲ್ಲಿ ನಷ್ಟ ಸುಮಾರು 1.2 ಸ್ಟಾಪ್, ನಾಲ್ಕೂ ಮೂಲೆಗೆ ಸಮನಾಗಿ. ಕಪ್ಪುಬಿಳುಪು ನೆಗೆಟಿವ್ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ, ಪ್ರಿಂಟಿನಲ್ಲಿ ಸರಿಪಡಿಸಬಹುದು.

ರೈಸ್ ಕೊಟ್ಟಾಗ ನಷ್ಟ ಒಂದೇ ಕಡೆಗೆ ವಾಲುತ್ತದೆ. ಮೇಲಿನ ಮೂಲೆಗಳಿಗೆ ಎರಡು ಸ್ಟಾಪಿನವರೆಗೆ ಹೋಗುತ್ತದೆ, ಕೆಳಗಿನ ನೆಲ ಬೆಳ್ಳಗೆ ಉಳಿಯುತ್ತದೆ. ಆಕಾಶ ಮೇಲೆ ಹೋದಂತೆ ತಾನಾಗಿ ಕಪ್ಪಾಗುವುದು ಕೆಲವೊಮ್ಮೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರ ಮೇಲೆ ಕೆಂಪು ಫಿಲ್ಟರ್ ಹಾಕಿದರೆ ಶಿಖರದ ಹಿಂದೆ ಗೋಡೆ ಕಟ್ಟಿದಂತಾಗುತ್ತದೆ. ಹಳದಿಯಲ್ಲಿ ನಿಲ್ಲಿಸಿ. ಸ್ಲೈಡ್ ಫಿಲ್ಮ್ ಬಳಸುವುದಾದರೆ ಮಾತ್ರ ಸೆಂಟರ್ ಫಿಲ್ಟರ್ ಅನಿವಾರ್ಯ ಎನ್ನುತ್ತೇನೆ. ಅದು ಲೆನ್ಸಿಗೇ ಕೂರುವುದರಿಂದ ರೈಸ್ ಕೊಟ್ಟಾಗ ಲೆನ್ಸಿನೊಂದಿಗೇ ಸರಿದು, ಕುಗ್ಗುವಿಕೆಯ ನಿಜವಾದ ಕೇಂದ್ರದಲ್ಲೇ ಉಳಿಯುತ್ತದೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸರಿಪಡಿಸುವವರು ಈ ಕೇಂದ್ರವನ್ನು ಚಿತ್ರದ ನಡುವೆ ಇಟ್ಟುಬಿಡುತ್ತಾರೆ, ಅದು ತಪ್ಪು. ಎಷ್ಟು ರೈಸ್ ಕೊಟ್ಟಿರೋ ಅಷ್ಟು ಕೆಳಗೆ ಇಡಬೇಕು. ಹಾಗಾಗಿ ಪ್ರತಿ ಶೀಟಿಗೂ ರೈಸನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ಫಿಲ್ಟರ್ ಕೊಂಡರೆ ಸುಮಾರು ಒಂದೂವರೆ ಸ್ಟಾಪ್ ಹೆಚ್ಚು ಕೊಡಬೇಕು, ಪೂರ್ತಿ ತೆರೆದ ಅಪರ್ಚರಿನಿಂದ ಕನಿಷ್ಠ ಎರಡು ಸ್ಟಾಪ್ ಇಳಿಸಿದ ಮೇಲೆಯೇ ಅದು ಸರಿಯಾಗಿ ಕೆಲಸ ಮಾಡುತ್ತದೆ.

ನೀವು ನವರಂಗದೊಳಗೂ (ಒಳಮಂಟಪಕ್ಕೂ) ಹೋಗುವಿರೆಂದು ಊಹಿಸುತ್ತೇನೆ, ಏಕೆಂದರೆ ಅಲ್ಲಿನ ಭುವನೇಶ್ವರಿಗಳನ್ನು (ಕೆತ್ತನೆಯ ಮೇಲ್ಛಾವಣಿಗಳನ್ನು) ಬಿಟ್ಟು ಬರುವುದು ಯಾರಿಗೂ ಸಾಧ್ಯವಿಲ್ಲ. ಒಳಗೆ ಎಕ್ಸ್‌ಪೋಷರ್ ನಿಮಿಷಗಳಿಗೆ ಹೋಗುತ್ತದೆ, ಅಷ್ಟು ದೀರ್ಘ ಸಮಯದಲ್ಲಿ ಫಿಲ್ಮಿನ ಸಂವೇದನೆ ಕುಗ್ಗುತ್ತದೆ. ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್‌ಗೆ ತಯಾರಕರೇ ಕೊಟ್ಟಿರುವ ಲೆಕ್ಕ, ಅಳೆದ ಸಮಯದ 1.26ನೇ ಘಾತ; ಮೀಟರ್ 30 ಸೆಕೆಂಡ್ ತೋರಿಸಿದರೆ ಕೊಡಬೇಕಾದದ್ದು ಸುಮಾರು 73 ಸೆಕೆಂಡ್. ಮೂಲೆಗಳಿಗೆ ಮೊದಲೇ ಕಡಿಮೆ ಬೆಳಕು ಬೀಳುವುದರಿಂದ ಅಲ್ಲಿ ಈ ನಷ್ಟ ನಡುಭಾಗಕ್ಕಿಂತ ಹೆಚ್ಚು, ಹೀಗಾಗಿ ಒಳಾಂಗಣದಲ್ಲಿ ವೈಡ್ ಲೆನ್ಸಿನ ಮೂಲೆಗಳು ಹೊರಗಿಗಿಂತ ಇನ್ನಷ್ಟು ಕಪ್ಪಾಗುತ್ತವೆ. ಅಲ್ಲಿ ಮೀಟರನ್ನು ಚಿತ್ರದ ನಡುವೆ ಹಿಡಿಯಬೇಡಿ. ನಿಮಗೆ ವಿವರ ಬೇಕಾದ ಅಂಚಿನ ಕಂಬದ ನೆರಳನ್ನು ಅಳೆದು, ಕುಗ್ಗುವಿಕೆಗೆ ಒಂದು ಸ್ಟಾಪ್ ಸೇರಿಸಿ, ಆಮೇಲೆ ಘಾತದ ಲೆಕ್ಕ ಹಾಕಿ. ಬಾಗಿಲ ಬೆಳಕು ಬೀಳುವ ಕಡೆ ಹೆಚ್ಚಾದದ್ದನ್ನು ಡೆವಲಪ್ ಮಾಡುವ ಸಮಯ ಕಡಿಮೆ ಮಾಡಿ ಹಿಡಿತಕ್ಕೆ ತರಬಹುದು.